ಏಳು ನೀರಿನ ಉಪ್ಪು

ಅಪ್ಪನ ಮೈ ತೊಳೆಯಲು ನೀರು ಕಾಯಿಸೋಣವೆಂದು ಮಗಳು ಒಂದೊಂದೇ ಪಾತ್ರೆ ಎತ್ತಿ ನೋಡುತ್ತಿದ್ದಳು. ಯಾವುದೂ ಆಗುವಂತಿರಲಿಲ್ಲ. ಎಲ್ಲದರ ಒಳಗೂ ಬಿಳಿಯ ಸೂಜಿಗಳಂಥ ಹರಳು ಕಚ್ಚಿಕೊಂಡು ಕೂತಿತ್ತು. ಕೊನೆಗೆ, ಅವಳನ್ನು ಸಾಕಿದ ಚಿಕ್ಕಮ್ಮ ಪಕ್ಕದ ಮನೆಯಿಂದ ಹಂಡೆ ತರಲು ಎದ್ದಳು.

"ಸತ್ತರೆ ನೀರು ಕಾಯ್ಸೋಕೂ ಒಂದು ಪಾತ್ರೆ ಇಟ್ಟಿಲ್ಲ ನೋಡು ಪುಣ್ಯಾತ್ಮ," ಎಂದು ಗೊಣಗಿದಳು.

ಅಪ್ಪ ಕೆಲಸ ಮಾಡುತ್ತಿದ್ದ ಉಪ್ಪಿನ ಕಾರ್ಖಾನೆಯಿಂದ ಬಂದ ನಾಲ್ಕಾರು ಜನ ಹೊರಗೆ ಬೆಂಚಿನ ಮೇಲೆ ಕೂತಿದ್ದರು. ಸತ್ತವನನ್ನು ಅವರು ಉಪ್ಪಪ್ಪ ಎಂದೇ ಕರೆಯುತ್ತಿದ್ದರು. ಅವನು ಅತ್ತರೆ ಕಣ್ಣೀರೂ ಹರಳುಗಟ್ಟಿ ಉದುರೀತು ಎಂಬುದು ಅಲ್ಲಿನ ಹಳೆಯ ತಮಾಷೆ. ಇವತ್ತೂ ಒಬ್ಬ ಅದನ್ನು ಶುರುಮಾಡಿ ಅರ್ಧಕ್ಕೇ ನಿಲ್ಲಿಸಿದ. ಅವರಲ್ಲಿ ಹಿರಿಯನಾದ ಕೆಮಿಸ್ಟ್ ಎದ್ದು ಒಳಗೆ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತ.

ಇದೆಲ್ಲ ಏನು ಎಂದು ಮಗಳು ಕೇಳಿದಳು. ಮೆಗ್ನೀಸಿಯಮ್ ಸಲ್ಫೇಟ್, ಕಾಲುನೋವಿಗೆ ಬಿಸಿನೀರಲ್ಲಿ ಹಾಕಿಕೊಳ್ಳುತ್ತಾರಲ್ಲ ಆ ಉಪ್ಪು, ಎಂದ ಅವನು.

"ನಿಮ್ಮಮ್ಮನಿಗೆ ಸಿಗದೇ ಹೋದ ಮದ್ದೂ ಇದೇ."

* * *

ಅವಳು ಹುಟ್ಟಿದ ದಿನ ತಾಯಿಗೆ ರಕ್ತದೊತ್ತಡ ಏರಿ ಫಿಟ್ಸ್ ಬಂದಿತ್ತು. ಆ ಸಣ್ಣ ಆಸ್ಪತ್ರೆಯಲ್ಲಿ ಅದಕ್ಕೆ ಕೊಡುವ ಇಂಜೆಕ್ಷನ್ ಮುಗಿದಿತ್ತು. ಬೇರೆ ಊರಿನಿಂದ ತರಿಸುವಷ್ಟರಲ್ಲಿ ತಾಯಿ ಹೋದಳು. ಮದ್ದಿನ ಹೆಸರು ಕೇಳಿದ ಅಪ್ಪ ಡಾಕ್ಟರ ಮುಖವನ್ನೇ ನೋಡುತ್ತ ನಿಂತ. ಆ ಬೆಳಿಗ್ಗೆಯೂ ಅವನು ಕಾರ್ಖಾನೆಯಲ್ಲಿ ಅದನ್ನೇ ಮೂಟೆಗಟ್ಟಲೆ ತುಂಬಿ ಬಂದಿದ್ದ.

ಮಣ್ಣು ಮಾಡಿ ಬಂದವನೇ ಕೆಮಿಸ್ಟನ ಬಳಿ ಹೋಗಿ, ಎರಡೂ ಒಂದೇ ಉಪ್ಪಾ ಎಂದು ಕೇಳಿದ. ಉಪ್ಪು ಒಂದೇ, ಆದರೆ ನಮ್ಮದರಲ್ಲಿ ಕಲ್ಮಶವಿದೆ, ರಕ್ತಕ್ಕೆ ಹಾಕುವಂಥದ್ದಲ್ಲ ಎಂದ ಕೆಮಿಸ್ಟ್. ಹಾಗಾದರೆ ಕಲ್ಮಶ ತೆಗೆಯುವುದನ್ನು ಕಲಿಸು ಎಂದು ಅಪ್ಪ ಪಟ್ಟು ಹಿಡಿದ. ದುಃಖಕ್ಕೊಂದು ಕೆಲಸವಾಗಲಿ ಎಂದು ಕೆಮಿಸ್ಟ್ ಕಲಿಸಿದ. ನೀರು ಬೆರೆಸಿ ತೆಳುವಾಗಿಸಿದ ಗಂಧಕಾಮ್ಲಕ್ಕೆ ಮೆಗ್ನೀಸಿಯಮ್ ಕಾರ್ಬೊನೇಟಿನ ಪುಡಿಯನ್ನು ಚಿಟಿಕೆ ಚಿಟಿಕೆಯಾಗಿ ಹಾಕಬೇಕು. ಬುಸುಗುಟ್ಟಿ ಗಾಳಿ ಹೊರಡುತ್ತದೆ. ಬುಸುಗುಟ್ಟುವುದು ನಿಂತು ಪುಡಿ ತಳದಲ್ಲೇ ಉಳಿದರೆ ಆಮ್ಲವೆಲ್ಲ ಮುಗಿಯಿತೆಂದು ಅರ್ಥ. ಸೋಸಿ, ಬತ್ತಿಸಿ, ತಣ್ಣಗೆ ಬಿಟ್ಟರೆ ಹರಳು. ಈ ಉಪ್ಪಿನ ಒಂದೊಂದು ಅಣುವೂ ಏಳು ಅಣು ನೀರನ್ನು ಒಡಲಲ್ಲಿ ಹಿಡಿದುಕೊಂಡೇ ಹರಳಾಗುತ್ತದೆ. ಹೆಚ್ಚು ಕಾಯಿಸಿದರೆ ನೀರು ಬಿಟ್ಟುಹೋಗಿ ಬರೀ ಪುಡಿ. ಹರಳನ್ನು ಮತ್ತೆ ಕರಗಿಸಿ ಮತ್ತೆ ಕಟ್ಟಿಸಿದರೆ ಕಲ್ಮಶ ಒಂದಿಷ್ಟು ನೀರಿನಲ್ಲೇ ಹಿಂದುಳಿಯುತ್ತದೆ.

ಒಂದಿಷ್ಟು ಎಂಬ ಆ ಮಾತನ್ನೇ ಅಪ್ಪ ಹಿಡಿದುಕೊಂಡ. ಕೂಸನ್ನು ನಾದಿನಿಯ ಮಡಿಲಿಗೆ ಹಾಕಿ, ಕರಗಿಸುತ್ತ, ಕಟ್ಟಿಸುತ್ತ ಉಳಿದ.

* * *

"ಯಾರಿಗೋಸ್ಕರ ಮಾಡ್ತಿದ್ರು?" ಮಗಳು ಕೇಳಿದಳು. "ಅಮ್ಮ ಹೋಗಿ ಆಗಿತ್ತಲ್ಲ."

"ನಾನೂ ಕೇಳಿದ್ದೆ. ಹೇಳ್ಲಿಲ್ಲ. ನೀನು ಬಸುರಿ ಅಂತ ಗೊತ್ತಾದ್ಮೇಲೆ ನಂಗೆ ಅರ್ಥ ಆಯ್ತು."

ಅವಳ ಹೆರಿಗೆಯ ದಿನ ಅಪ್ಪ ಬಾಟಲಿಯೊಂದನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಆಸ್ಪತ್ರೆಗೆ ಬಂದಿದ್ದನಂತೆ. ಬಾಗಿಲಲ್ಲೇ ತಡೆದರು. ಇಂಥದ್ದನ್ನೆಲ್ಲ ಒಳಗೆ ಬಿಡುವುದಿಲ್ಲ, ನಮ್ಮಲ್ಲಿ ಬೇಕಾದಷ್ಟು ಇಂಜೆಕ್ಷನ್ ಇದೆ ಎಂದು ನರ್ಸು ನಕ್ಕಳಂತೆ. ಅಪ್ಪ ಅಲ್ಲಿಂದ ನೇರ ಕೆಮಿಸ್ಟನ ಮನೆಗೆ ಹೋದ.

"ಅಪ್ಪ ಏನಂದ್ರು?"

"ಇನ್ನೂ ಚೊಕ್ಕ ಆಗಿಲ್ಲ ಅಂತ ಕಾಣುತ್ತೆ, ಇನ್ನೊಂದ್ಸಲ ಕಟ್ಟಿಸ್ತೀನಿ ಅಂದ." ಕೆಮಿಸ್ಟ್ ಪಾತ್ರೆಯೊಂದರ ಅಂಚಿನ ಹರಳನ್ನು ಉಗುರಿನಿಂದ ಕೆರೆದ. "ಮನೆ ಒಲೆ ಮೇಲೆ ಅದು ಯಾವತ್ತೂ ಆಗಲ್ಲಮ್ಮ. ನೂರು ಸಲ ಹೇಳಿದ್ದೀನಿ. ತಲೆ ಆಡಿಸೋನು, ಹೋಗಿ ಒಲೆ ಹಚ್ಚೋನು."

ಮಗುವನ್ನು ಪಕ್ಕದಲ್ಲಿ ಮಲಗಿಸಿಕೊಂಡು ಅವಳು ಅಂದು ಬಾಗಿಲನ್ನೇ ನೋಡುತ್ತಿದ್ದಳು. ನನ್ನ ಮುಖ ಕಂಡರೆ ಅಪ್ಪನಿಗೆ ಆಗದು ಎಂದು ತೀರ್ಮಾನಿಸಿದ್ದೂ ಅಂದೇ. ಆಮೇಲೆ ಅವಳು ಈ ಮನೆಯ ಕಡೆ ಬಂದದ್ದು ಇವತ್ತೇ. ಕೇಳಬೇಕಾದವನು ಚಾಪೆಯ ಮೇಲೆ ಮಲಗಿದ್ದ.

ಚಿಕ್ಕಮ್ಮ ಹಂಡೆ ತಂದಳು. ಮೈ ತೊಳೆದರು. ಮಧ್ಯಾಹ್ನದೊಳಗೆ ಮಣ್ಣು ಮುಗಿಯಿತು.

ಮನೆ ಬಾಡಿಗೆಯದು, ಬೇಗ ಖಾಲಿ ಮಾಡಿಕೊಡಿ ಎಂದು ಮಾಲೀಕ ಹೇಳಿಹೋಗಿದ್ದ. ಎಲ್ಲರೂ ಹೊರಟ ಮೇಲೆ ಮಗಳು ಅಡುಗೆಮನೆಯ ನೆಲ ಒರೆಸಿದಳು. ಒದ್ದೆಯಿದ್ದಾಗ ಕಪ್ಪುಕಲ್ಲು ಕನ್ನಡಿಯ ಹಾಗೆ ಹೊಳೆಯಿತು. ಒಣಗುತ್ತಿದ್ದಂತೆ ಮೂಲೆಯಿಂದ ತೆಳ್ಳಗೆ ಬಿಳುಪು ಹಬ್ಬತೊಡಗಿತು. ಅವಳು ಬಕೆಟ್ಟಿಗೆ ಹೊಸ ನೀರು ಹಿಡಿದು ತಂದು ಮತ್ತೆ ಮಂಡಿಯೂರಿದಳು.