ಆಮೆ ಹೊರಟಿದ್ದ ಕಡೆ

ನೀರಿನ ಟ್ಯಾಂಕರ್ ಓಡಿಸುವವನನ್ನು ಎಲ್ಲರೂ ಕರೆಯುತ್ತಿದ್ದದ್ದು ಗಡಿಬಿಡಿ ಎಂದೇ. ಹೆಸರೇನೂ ಪುಕ್ಕಟೆ ಬಂದದ್ದಲ್ಲ. ಚಹಾ ಆರುವ ಮುಂಚೆಯೇ ಕುಡಿದು ನಾಲಿಗೆ ಸುಟ್ಟುಕೊಳ್ಳುವ, ಯಾರಾದರೂ ಕಷ್ಟ ಹೇಳಲು ಬಾಯಿ ತೆರೆದರೆ ಪೂರ್ತಿ ಕೇಳದೆ ಸಹಾಯಕ್ಕೆ ಓಡುವ ಆಸಾಮಿ. ಮನಸ್ಸೇನೋ ಬೆಣ್ಣೆ; ತಾಳ್ಮೆಯ ಮಾತು ಮಾತ್ರ ಎತ್ತಬೇಡಿ. ಮರುಭೂಮಿಯಲ್ಲಿ ಹೊಸ ರಸ್ತೆ ಹಾಕುತ್ತಿದ್ದರು. ಧೂಳೇಳದಂತೆ ಅದಕ್ಕೆ ದಿನವಿಡೀ ನೀರು ಹೊಡೆಯುವುದು ಅವನ ಕೆಲಸ.

ಅಂದು ಮಧ್ಯಾಹ್ನ ರಸ್ತೆಯ ನಡುವೆ ಆಮೆಯೊಂದು ಕಂಡಿತು. ಹಿಂದೆಯೇ ಜಲ್ಲಿ ಲಾರಿಗಳು ಬರುತ್ತಿದ್ದವು. ಗಡಿಬಿಡಿ ಧಡಕ್ಕನೆ ಇಳಿದು ಅದನ್ನು ಬಾಚಿ ಎತ್ತಿದ. ಆಮೆ ಅಂಗಿ, ಪ್ಯಾಂಟು, ಬೂಟು ಯಾವುದನ್ನೂ ಬಿಡದೆ ಉಚ್ಚೆ ಹೊಯ್ಯಿತು.

"ಥೂ ನಿನ್ನ! ಉಪಕಾರ ಮಾಡಿದ್ರೆ ಇದಾ ಬಹುಮಾನ?" ಎನ್ನುತ್ತ ಅದನ್ನು ಅದು ಬಂದ ಕಡೆಗೇ ದೂರ ಒಯ್ದು ಬಯಲಲ್ಲಿ ಬಿಟ್ಟ. ಲಾರಿಯವರು ಬಿದ್ದು ಬಿದ್ದು ನಕ್ಕರು.

ಸಂಜೆ ಕ್ಯಾಂಪಿನ ಊಟದ ಶೆಡ್ಡಿನಲ್ಲಿ ಅದನ್ನೇ ಕುಣಿದು ತೋರಿಸಿದ. ಬಡಿಸುತ್ತಿದ್ದ ಅವನ ಹೆಂಡತಿ ಮಾತ್ರ ನಗಲಿಲ್ಲ. ಅವಳು ಹುಟ್ಟಿ ಬೆಳೆದದ್ದು ಇದೇ ಮರಳಿನಲ್ಲಿ.

"ಅದು ಬರೀ ಉಚ್ಚೆ ಅಲ್ಲರೀ, ಅದರ ಕುಡಿಯೋ ನೀರು," ಎಂದಳು. "ಮಳೆಗಾಲದಲ್ಲಿ ಕುಡಿದದ್ದನ್ನ ಹೊಟ್ಟೆಯೊಳಗೇ ಇಟ್ಕೊಂಡು ತಿಂಗಳುಗಟ್ಟಲೆ ಜೀವ ಹಿಡಿಯುತ್ತೆ. ಹೆದರಿದ್ರೆ ಎಲ್ಲಾ ಚೆಲ್ಲಿಬಿಡುತ್ತೆ. ನಮ್ಮಪ್ಪ ನಮಗೆ ಮುಟ್ಟೋಕೂ ಬಿಡ್ತಿರಲಿಲ್ಲ."

ಅವನು ಎತ್ತಿದ ತುತ್ತನ್ನು ತಟ್ಟೆಗೇ ಹಾಕಿದ. "ಲಾರಿ ಬರ್ತಿತ್ತು ಕಣೇ. ಏನ್ ಮಾಡ್ಲಿ?"

"ಎತ್ತಲೇಬೇಕಿತ್ತು, ಸರಿ. ನೆಲದಿಂದ ಚೂರೇ ಎತ್ತಿ, ಮೆಲ್ಲಗೆ, ಅದು ಹೊರಟಿದ್ದ ಕಡೆ ಬಿಡಬೇಕಿತ್ತು. ನೀವು ಎಲ್ಲಿ ಬಿಟ್ರಿ?"

"ಬಂದ ಕಡೆ."

"ಅಯ್ಯೋ ದೇವರೇ! ಅಂಥ ಬಿಸಿಲಲ್ಲಿ ಅದು ಬಿಲಕ್ಕೆ ಹೊರಟಿರುತ್ತೆ ಕಣ್ರೀ."

ಬೆಳಕು ಹರಿಯುತ್ತಲೇ ಅವನು ಟ್ಯಾಂಕರ್ ತುಂಬಿಸಿಕೊಂಡು ಹೊರಟ. "ಇರು ಮಾರಾಯ, ಬಂದೆ, ಬಂದೆ," ಎಂದು ದಾರಿಯುದ್ದಕ್ಕೂ ಗೊಣಗಿದ.

ಹುಡುಕುವ ಕಷ್ಟವನ್ನೂ ಆಮೆ ಕೊಡಲಿಲ್ಲ. ಬಿಟ್ಟ ಬಯಲಿನಿಂದ ಅಷ್ಟೂ ದೂರ ತೆವಳಿ ವಾಪಸು ಬಂದು ರಸ್ತೆಯ ಅಂಚಿನಲ್ಲೇ ಬಿದ್ದಿತ್ತು. ಮುಖ ನಿನ್ನೆ ಹೊರಟಿದ್ದ ಕಡೆಗೇ ಇತ್ತು. ರಸ್ತೆಯಾಚೆ ಪೊದೆಯ ಬುಡದಲ್ಲಿ ಅದರ ಬಿಲ, ಅರ್ಧಚಂದ್ರದಂಥ ಬಾಯಿ, ನಿನ್ನೆ ಕಣ್ಣೆತ್ತಿ ನೋಡಿದ್ದರೆ ಕಾಣುವಷ್ಟು ಹತ್ತಿರ. ಹಾಳಾದ್ದು, ತಾನು ಒಂದು ಸಲ ಕಣ್ಣೆತ್ತಿ ನೋಡಲಿಲ್ಲವಲ್ಲ!

ಅವನು ಅದನ್ನು ಮುಟ್ಟಲಿಲ್ಲ. ಮೂಗಿನ ಮುಂದೆ ಕೈಯಲ್ಲೇ ಗುಂಡಿ ತೋಡಿ ನೀರು ಬಿಟ್ಟ. ನೀರು ಇಂಗಿತು, ಮತ್ತೆ ಬಿಟ್ಟ. ಕತ್ತು ಹೊರಗೆ ಬರಬಹುದೆಂದು ಆ ಗಡಿಬಿಡಿಯ ಮನುಷ್ಯ ಬಿಸಿಲೇರುವ ತನಕ ಕದಲದೆ ಕಾದ. ಕತ್ತು ಬರಲಿಲ್ಲ.

ಲಾರಿಗಳು ಬಂದು ನಿಂತವು. "ಏ ಗಡಿಬಿಡಿ, ಇವತ್ತೂ ಸ್ನಾನ ಮಾಡಿಸ್ಕೊಂಡ್ಯಾ?" ಎಂದು ಒಬ್ಬ ಕೂಗಿದ. ಉಳಿದವರು ನಕ್ಕರು.

"ನಗಬೇಡ್ರೋ," ಎಂದ ಅವನು, ತಲೆ ಎತ್ತದೆ. "ಅದರ ಹತ್ರ ಇದ್ದಿದ್ದೇ ಅಷ್ಟು ನೀರು."