ಎಡಗೈ ಗ್ಲೌಸು

"ಅವತ್ತು ಪಕ್ಕದೋನ ಉತ್ತರ ಕದ್ದೆ. ಇವತ್ತು ಓಟು ಕದಿಯೋಕೆ ಬಂದ್ಯಾ? ಕಳ್ಳ ಯಾವತ್ತಿದ್ರೂ ಕಳ್ಳಾನೇ."

ಗಣಿತದ ಮೇಷ್ಟ್ರ ದನಿ ಕೊನೆಯ ಬೆಂಚಿಗೆ ಕೇಳಲೆಂದೇ ಪಳಗಿದ್ದು. ಈಗ ಬೆಂಚುಗಳನ್ನೆಲ್ಲ ಹೊರಗೆ ಹಾಕಿ ಕೋಣೆಯನ್ನು ಮತಗಟ್ಟೆ ಮಾಡಿ, ಅವರನ್ನೇ ಅಧಿಕಾರಿಯಾಗಿ ಕೂರಿಸಿದ್ದರಿಂದ, ಆ ದನಿ ಬಾಗಿಲು ದಾಟಿ ಸಾಲಿನ ಬಾಲದವರೆಗೂ ಹೋಯಿತು. ಮಾತಾಡುತ್ತಿದ್ದವರು ಕತ್ತು ಚಾಚಿ ನೋಡಿದರು.

ಬೈಸಿಕೊಂಡವನನ್ನು ಎಲ್ಲರೂ ಪಟಾಕಿ ಎಂದೇ ಕರೆಯುತ್ತಿದ್ದರು. ಮುಟ್ಟಿದರೆ ಸಿಡಿಯುವವನು. ಬಟ್ಟೆಗೆ ಬಣ್ಣ ಹಾಕುವ ಅಂಗಡಿಯಲ್ಲಿ ಅವನಿಗೆ ಕೆಲಸ. ಮೇಜಿನ ಮೇಲೆ ಚಾಚಿದ್ದ ಅವನ ಎಡಗೈಯಲ್ಲಿ ತೋರುಬೆರಳು ಉಗುರಿನಿಂದ ನಡುವಿನ ಗೆಣ್ಣಿನವರೆಗೆ ಕಡುನೀಲಿಯಾಗಿತ್ತು. ಉಳಿದ ಬೆರಳುಗಳು ಬೆವರಿನಲ್ಲಿ ನೆಂದು ಬೆಳ್ಳಗೆ ಸುಕ್ಕುಗಟ್ಟಿದ್ದವು.

"ಇದು ಶಾಯಿ ಅಲ್ಲ ಸಾರ್. ಕೆಲಸದ ಬಣ್ಣ. ನಾನಿನ್ನೂ ಓಟು ಹಾಕಿಲ್ಲ."

"ಐದು ಬೆರಳಲ್ಲಿ ಇದೊಂದೇ ಕೆಲಸಕ್ಕೆ ಹೋಗುತ್ತೇನೋ?"

ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

"ಗ್ಲೌಸು ತೂತು ಸಾರ್."

"ಇವತ್ತು ಎಲ್ರಿಗೂ ರಜೆ. ಯಾರೂ ಯಾರ ಹತ್ರಾನೂ ದುಡಿಸ್ಕೊಳ್ಳೋ ಹಾಗಿಲ್ಲ. ಅದ್ಯಾವ ಕೆಲಸ ನಿಂದು, ಹೇಳು ನೋಡೋಣ?"

ಹೇಳುವುದಕ್ಕೆ ಬೇಕಾದಷ್ಟಿತ್ತು. ಶಾಲೆ ಮಕ್ಕಳ ಸಮವಸ್ತ್ರದ ಬಟ್ಟೆ ಮರುದಿನವೇ ಹೋಗಬೇಕು ಎಂದು ಯಜಮಾನರು ಬೆಳಕು ಹರಿಯುವ ಮೊದಲೇ ಎಲ್ಲರನ್ನೂ ಕರೆಸಿದ್ದರು. ಮುಂದಿನ ಶಟರ್ ಎಳೆದು ಹಿಂಬಾಗಿಲಿನಿಂದ ಒಳಗೆ ಬಿಟ್ಟಿದ್ದರು. "ಒಬ್ಬೊಬ್ರಾಗಿ ಹೋಗಿ ಓಟು ಹಾಕ್ಕೊಂಡು ಬನ್ನಿ, ಮೆರವಣಿಗೆ ಬೇಡ" ಎಂದಿದ್ದರು. ಕುದಿಯುವ ತೊಟ್ಟಿಯಲ್ಲಿ ಬಟ್ಟೆ ಹೊರಳಿಸುವವನು ಬಣ್ಣ ಹಿಡಿಯಿತೋ ಇಲ್ಲವೋ ಎಂದು ಅಂಚನ್ನು ಮೇಲೆತ್ತಿ ಎಡಗೈ ತೋರುಬೆರಳಿನಿಂದ ಒತ್ತಿ ನೋಡಬೇಕು. ಹಾಗಾಗಿ ಯಾರ ಗ್ಲೌಸಾದರೂ ಮೊದಲು ಹರಿಯುವುದು ಅಲ್ಲೇ. ಹೊಸದು ಕೇಳಿದರೆ ಯಜಮಾನರು, "ಕೈ ಕೊಟ್ಟಿರೋನು ದೇವ್ರು, ಗ್ಲೌಸು ಕೊಡೋನು ನಾನು. ಸ್ವಲ್ಪ ತಡ ಆಗುತ್ತೆ" ಎಂದು ನಗುತ್ತಿದ್ದರು.

ಆ ಯಜಮಾನರು ಅವನ ಹಿಂದೆಯೇ, ಒಬ್ಬ ಮುದುಕಿಯನ್ನು ಬಿಟ್ಟು ಸಾಲಿನಲ್ಲಿ ನಿಂತಿದ್ದರು. ಇಸ್ತ್ರಿ ಮುರಿಯದ ಬಿಳಿ ಅಂಗಿ. ಕಳೆದ ವಾರ ಪ್ರಾರ್ಥನಾ ಮಂದಿರದಲ್ಲಿ ಗುರುಗಳ ಪಕ್ಕ ನಿಂತು ಮಾತಾಡಿದವರೂ ಇವರೇ. "ಮತ ಅನ್ನೋದು ದೇವರೆದುರು ಹೇಳೋ ಸಾಕ್ಷಿ. ಕಂಡಿದ್ದನ್ನ ಹೇಳದೆ ಬಾಯಿ ಮುಚ್ಚಿಕೊಂಡೋನು ಕಳ್ಳನಿಗೆ ಏಣಿ ಹಿಡಿದ ಹಾಗೆ." ಪಟಾಕಿಯ ಅಮ್ಮ ಆ ಮಾತನ್ನು ಸೆರಗಿಗೆ ಗಂಟು ಹಾಕಿಕೊಂಡು ಮನೆಗೆ ತಂದಿದ್ದಳು. ಅಂದಿನಿಂದ ಎದ್ದರೆ ಏಣಿ, ಕೂತರೆ ಏಣಿ.

"ಓಟು ಹಾಕಿ ಅಪ್ಪ ಏನು ಕಡಿದು ಗುಡ್ಡೆ ಹಾಕಿದ್ರು?" ಎಂದು ಇವನು ಕೇಳಿದ್ದ.

"ಊಟ ತಪ್ಪಿಸಿದ್ದುಂಟು ಕಣೋ ಅವರು, ಓಟು ತಪ್ಪಿಸಿದ್ದಿಲ್ಲ. ನಾಳೆ ಕಷ್ಟ ಅಂತ ದೇವರ ಮುಂದೆ ನಿಂತಾಗ, ನಾನು ಸಾಕ್ಷಿ ಕೇಳಿದಾಗ ಎಲ್ಲಿದ್ದೆ ಅಂತ ಅವನಂದ್ರೆ ಯಾವ ಮುಖ ತೋರಿಸ್ತೀಯ? ಹಾಕಿ ಬಾ. ನನಗೋಸ್ಕರ ಒಂದೇ ಒಂದು ಸಲ."

ಹಾಕ್ತೀನಿ ಎಂದು ಅವಳ ತಲೆ ಮುಟ್ಟಿ ಹೇಳಿದ್ದ. ಇದು ಅವನ ಮೊದಲ ಓಟು.

ಅವನು ಹಿಂದೆ ತಿರುಗಿದ. "ಯಜಮಾನ್ರೇ, ನೀವೇ ಒಂದು ಮಾತು ಹೇಳಿ. ಇದು ಬಣ್ಣ ಅಂತ."

ಎಲ್ಲರ ಕಣ್ಣೂ ಬಿಳಿ ಅಂಗಿಯ ಮೇಲೆ ಬಿತ್ತು. ಯಜಮಾನರು ಮುದುಕಿಯ ತಲೆಯ ಮೇಲಿಂದ ಮೇಷ್ಟ್ರಿಗೆ ನಮಸ್ಕಾರ ಮಾಡಿದರು.

"ನಮ್ಮಲ್ಲಿ ಇವತ್ತು ರಜೆ ಸಾರ್. ಇಂಥ ದಿನ ನಾನು ಬಾಗಿಲು ತೆಗೆಯೋನಲ್ಲ. ಹುಡುಗಂದು ಬಿಸಿರಕ್ತ, ಏನೋ ತಿಳೀದೆ ಮಾಡಿದಾನೆ. ಬೈಬೇಡಿ, ಕಳಿಸಿಬಿಡಿ ಪಾಪ."

ಪಟಾಕಿಯ ಬತ್ತಿ ಹೊತ್ತಿತು. ಅಂಗಡಿ ಹಿಂದಿನ ಓಣಿಗೆ ಹೋಗಿ ನೋಡಿ, ಹಿಂಬಾಗಿಲ ಸಂದಿಯಿಂದ ಹಬೆ ಬರುತ್ತಿದೆ ಎಂದರೆ ಮುಗಿಯಿತು. ಆದರೆ ಆ ಹಬೆಯೊಳಗೆ ಅತ್ತಿಗೆ ಬಟ್ಟೆ ಹಿಂಡುತ್ತಿದ್ದಳು. ಅಣ್ಣ ಹಾಸಿಗೆ ಹಿಡಿದ ಮೇಲೆ ಅವಳ ಮನೆಯ ಒಲೆ ಉರಿಯುತ್ತಿದ್ದುದು ಆ ತೊಟ್ಟಿಯಿಂದಲೇ. ಶಟರ್‌ಗೆ ಬೀಗ ಬಿದ್ದರೆ ಯಜಮಾನರಿಗೆ ಇನ್ನೊಂದು ಅಂಗಡಿಯಿದೆ. ಅವಳಿಗೆ?

ಅವನು ಸಾಲು ಬಿಟ್ಟು ಹೊರಬಂದ. ಕಾಪಿ ಹೊಡೆದನೆಂದು ಮೇಷ್ಟ್ರು ಅಟ್ಟಿದ ದಿನವೂ ಇದೇ ಬಾಗಿಲಿನಿಂದ ಹೋಗಿದ್ದ. ಅವತ್ತೂ ಉತ್ತರ ಪಕ್ಕದವನದ್ದಾಗಿರಲಿಲ್ಲ.

ಅಂಗಡಿಯ ಹಿಂಬಾಗಿಲು ನೂಕಿದಾಗ ಅತ್ತಿಗೆ ತಲೆಯೆತ್ತಿದಳು. "ಬಂದ್ರಾ ಸಾಹೇಬ್ರು? ಯಾರನ್ನ ಗೆಲ್ಲಿಸಿದ್ರಿ?"

"ಬ್ಲೀಚಿಂಗ್ ಪೌಡರ್ ಎಲ್ಲಿ?"

"ಯಾಕೆ, ಗೆದ್ದೋನನ್ನ ಒಗೀಬೇಕಾ?"

ಅವನು ನಗಲಿಲ್ಲ. ಡಬ್ಬ ಹುಡುಕಿ ಬೆರಳಿಗೆ ಪುಡಿ ಸುರಿದುಕೊಳ್ಳುತ್ತ ನಡೆದದ್ದನ್ನು ಹೇಳಿದ. ಅತ್ತಿಗೆ ಹಿಂಡುತ್ತಿದ್ದ ಬಟ್ಟೆಯನ್ನು ಹಾಗೇ ಬಿಟ್ಟಳು.

"ನಾವಿಲ್ಲಿ ಇದೀವಿ ಅಂತ ಹೇಳ್ಬಾರದಿತ್ತಾ?"

"ಹೇಳಿದ್ರೆ ನಾಳೆ ನೀನೆಲ್ಲಿ ಹೋಗ್ತಿದ್ದೆ?"

ಅವಳು ತೊಟ್ಟಿ ತಿಕ್ಕುವ ಬ್ರಷ್ ತಂದು, ಅವನ ಮಣಿಕಟ್ಟು ಹಿಡಿದು ತಾನೇ ಉಜ್ಜತೊಡಗಿದಳು. ಅವನು ಹಲ್ಲು ಕಚ್ಚಿದರೂ ದನಿ ಹೊರಬಿತ್ತು.

"ಕೂಗ್ಬೇಡ್ವೋ. ಹೊರಗೆ ಕೇಳುತ್ತೆ, ಇವತ್ತು ರಜೆ."

ನೀಲಿ ಹೋಯಿತು. ಹೋಗುವಾಗ ಚರ್ಮವನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಅತ್ತಿಗೆ ಬೆರಳಿಗೆ ನೀರು ಹುಯ್ದು, ಊದಿ, "ಒಂದು ಓಟಿಗೆ ಇಷ್ಟು ಬೇಕಿತ್ತೇನೋ?" ಎಂದಳು. ಅವಮಾನಕ್ಕೆ ಹೋಗುತ್ತಿದ್ದನೋ, ಅಮ್ಮನ ಮಾತಿಗೆ ಹೋಗುತ್ತಿದ್ದನೋ, ಅವನಿಗೂ ತಿಳಿದಿರಲಿಲ್ಲ. ಕೈ ಮೇಲೆತ್ತಿಕೊಂಡು ಹೊರಟ. ಹಿಂದೆ ಅತ್ತಿಗೆ ತೊಟ್ಟಿಯ ಬಿರಡೆ ಎಳೆದ ಸದ್ದು ಕೇಳಿಸಿತು. ಹಳೇ ಬಣ್ಣ ಗಳಗಳನೆ ಚರಂಡಿಗಿಳಿಯುತ್ತಿತ್ತು.

ಮತಗಟ್ಟೆಯಲ್ಲಿ ಸಾಲು ಕರಗಿತ್ತು. ಮೇಷ್ಟ್ರು ಅವನ ಬೆರಳನ್ನು ಕಿಟಕಿಯ ಬೆಳಕಿಗೆ ಹಿಡಿದು ಆ ಕಡೆ ಈ ಕಡೆ ತಿರುಗಿಸಿದರು. ಚುನಾವಣೆಯ ಶಾಯಿ ಯಾವ ಪುಡಿಗೂ ಹೀಗೆ ಬಿಟ್ಟುಕೊಡುವುದಿಲ್ಲವೆಂದು ಅವರಿಗೆ ಗೊತ್ತಿತ್ತು. ಬೆರಳಿನಿಂದ ಕಣ್ಣು ತೆಗೆದು ಅವನ ಮುಖ ನೋಡಿದರು. ಕನ್ನಡಕ ತೆಗೆದು ಒರೆಸಿಕೊಂಡರು.

"ಮುಂದೆ ಹೋಗು."

ಶಾಯಿ ಹಚ್ಚುವ ಹೆಂಗಸು ಕಡ್ಡಿ ಹಿಡಿದು ಹಿಂದೆಗೆದಳು. "ಅಯ್ಯೋ, ಉರಿಯುತ್ತಲ್ಲಪ್ಪ! ಬೇರೆ ಬೆರಳಿಗೆ ಹಚ್ಲಾ?"

"ಇದಕ್ಕೇ ಹಚ್ಚಿ."

ಕೆಂಡ ಇಟ್ಟಂತಾಯಿತು. ಕಣ್ಣಲ್ಲಿ ನೀರು ತುಂಬಿಕೊಂಡೇ ಅವನು ರಟ್ಟಿನ ಮರೆಗೆ ಹೋದ. ಅಲ್ಲಿ ಯಾರೂ ನೋಡುತ್ತಿರಲಿಲ್ಲ, ಯಾರ ಕೆಲಸವೂ ಹೋಗುತ್ತಿರಲಿಲ್ಲ. ದೇವರೆದುರಿನ ಸಾಕ್ಷಿ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದುಹೋಯಿತು.

ಶಾಲೆಯ ಗೇಟಿನ ಬಳಿ ಯಜಮಾನರು ಶಾಯಿ ಬೆರಳೆತ್ತಿ, ಪ್ರಾರ್ಥನಾ ಮಂದಿರದ ನಾಲ್ಕಾರು ಜನರೊಂದಿಗೆ ಫೋಟೋಗೆ ನಿಂತಿದ್ದರು. ಇವನನ್ನು ಕಂಡದ್ದೇ ಹೆಗಲ ಮೇಲೆ ಕೈ ಹಾಕಿ ಎಳೆದುಕೊಂಡರು.

"ನೋಡಿ, ನಮ್ಮ ಹುಡುಗ! ಬೈದು ಕಳಿಸಿದ್ರೂ ಬಿಡ್ಲಿಲ್ಲ, ಹಾಕೇ ಬಂದ. ಧರ್ಮ ಅಂದ್ರೆ ಇದು. ದೇವರು ಮೆಚ್ತಾನೆ ಕಣೋ."

ಜನ ತಲೆದೂಗಿದರು. ಯಜಮಾನರು ಕಿವಿಯ ಹತ್ತಿರ ಬಗ್ಗಿದರು. "ಉಳಿದ ಬಟ್ಟೆ ಬೇಗ ಮುಗಿಸ್ಬಿಡಿ. ನಾಳೆ ಹೊಸ ಗ್ಲೌಸು ತರಿಸ್ತೀನಿ, ಆಯ್ತಾ?"

ಪಟಾಕಿ ಹೆಗಲ ಮೇಲಿದ್ದ ಕೈಯನ್ನು ಬಲಗೈಯಿಂದ ಎತ್ತಿ ಕೆಳಗಿಟ್ಟ.

"ಏನೋ? ಆಯ್ತಾ ಅಂದೆ."

ಅವನು ನಡೆಯತೊಡಗಿದ. ಎಡಗೈಯ ಬೆರಳು ಅಂಗಿಗೆ ತಾಗದಂತೆ ದೂರ ಹಿಡಿದುಕೊಂಡು, ಓಣಿಯ ಏರಿನತ್ತ. ರಸ್ತೆ ಬದಿಯ ಚರಂಡಿಯಲ್ಲಿ, ರಜೆಯಿದ್ದ ಅಂಗಡಿಯ ಕಡುನೀಲಿ ನೀರು ಇನ್ನೂ ಹಬೆಯಾಡುತ್ತ ಅವನಿಗೆದುರಾಗಿ ಬಂತು. ಅವನನ್ನು ದಾಟಿ, ಜನ ನಿಂತಿದ್ದ ಗೇಟಿನ ಕಡೆಗೆ ಇಳಿದು ಹೋಯಿತು.