ಹ್ಯಾಂಡಲಿನ ಆಣೆ

ಕದಿರೇಶ ಇನ್ನೊಂದು ಸಲ ಹ್ಯಾಂಡಲ್ ತಿರುಗಿಸಿದ. ಟಿಲ್ಲರು ಕೆಮ್ಮಿತು, ಒಂದು ಬೊಗಸೆ ಕಪ್ಪು ಹೊಗೆ ಬಿಟ್ಟಿತು, ಮತ್ತೆ ಸುಮ್ಮನಾಯಿತು. ಹಿಂದಿನ ಟ್ರೈಲರಿನಲ್ಲಿ ಅವನ ಅಪ್ಪ ಕೋದಂಡರಾಮಪ್ಪ ಹಣೆಗೆ ನಾಮ ಎಳೆಸಿಕೊಂಡು, ಕೊರಳ ತುಂಬ ಚೆಂಡುಹೂವು ಹಾಕಿಸಿಕೊಂಡು, ಇದೆಲ್ಲ ತನಗೆ ಸಂಬಂಧವೇ ಇಲ್ಲ ಎನ್ನುವ ಹಾಗೆ ಮಲಗಿದ್ದ. ತಮಟೆಯವರು ಬಡಿಯುವುದನ್ನು ನಿಲ್ಲಿಸಿ ಬೀಡಿ ಹಚ್ಚಿದರು. ಹೊರಡುವ ಹೊತ್ತಾಯಿತೆಂದು ಎದ್ದು ನಿಂತಿದ್ದ ನೆಂಟರು ಮತ್ತೆ ಕೂರಲು ಜಾಗ ಹುಡುಕಿದರು.

ಬದುಕಿದ್ದಾಗ ಯಾರನ್ನೂ ಕಾಯಿಸದ ಮನುಷ್ಯ ಅವನು. ಹಾಸಿಗೆ ಹಿಡಿದು ವರ್ಷವಾಗುತ್ತ ಬಂದಿತ್ತು. ನಿನ್ನೆ ಬೆಳಿಗ್ಗೆ ಕಾಫಿ ಕುಡಿದು, ಗೋಡೆಯ ಕಡೆ ಮಗ್ಗುಲು ತಿರುಗಿದವನು ಮತ್ತೆ ಈ ಕಡೆ ತಿರುಗಲಿಲ್ಲ. ಬಂದವರೆಲ್ಲ ಪುಣ್ಯಾತ್ಮ, ನರಳಲಿಲ್ಲ, ಯಾರನ್ನೂ ನರಳಿಸಲಿಲ್ಲ ಎಂದು ಹೇಳಿ ಎಲೆಯಡಿಕೆ ಬಾಯಿಗೆ ಹಾಕಿಕೊಂಡರು. ಮನೆಯವರಿಗೂ ಒಳಗೊಳಗೇ ಹಾಗೇ ಅನ್ನಿಸಿತ್ತು.

ತೊಂದರೆ ಬಂದದ್ದು ಕೆರೆಯಿಂದ. ಎಷ್ಟೋ ವರ್ಷದ ಮೇಲೆ ತಾಯಲೂರು ಕಡೆಗೆಲ್ಲ ಒಳ್ಳೆಯ ಮಳೆಯಾಗಿ, ಊರ ಕೆರೆ ಕೋಡಿ ಬಿದ್ದಿತ್ತು. ಮಣ್ಣು ಮಾಡಬೇಕಿದ್ದ ಹಿಪ್ಪುನೇರಳೆ ತೋಟಕ್ಕೆ ಹೋಗುವ ದಾರಿಯ ಮೇಲೆ ನೀರು, ನೀರಿನ ಕೆಳಗೆ ಜಾರುವ ಕೆಸರು. ಚಟ್ಟ ಹೊತ್ತವರ ಕಾಲು ಅಲ್ಲಿ ನಿಲ್ಲುವ ಹಾಗಿರಲಿಲ್ಲ. ದೊಡ್ಡ ಟ್ರ್ಯಾಕ್ಟರು ಆ ದಾರಿಯ ಸಣ್ಣ ಕಟ್ಟೆಯ ಮೇಲೆ ಹಿಡಿಸುತ್ತಿರಲಿಲ್ಲ. ಉಳಿದದ್ದು ತೋಟ ಉಳುವ, ಎರಡೇ ಚಕ್ರದ, ಮನೆಯ ಈ ಹಳೆಯ ಟಿಲ್ಲರು.

ಸತ್ತವನಿಗೆ ದಾಯಾದಿಯಲ್ಲಿ ಅಣ್ಣನಾಗಬೇಕಾದ ಶ್ರೀನಿವಾಸಪ್ಪ ಇಂಥ ದಿನಗಳಲ್ಲಿ ಊರಿಗೆಲ್ಲ ಯಜಮಾನ. ಯಾವ ದಿಕ್ಕಿಗೆ ತಲೆ, ಯಾರು ಮಡಕೆ ಹಿಡಿಯಬೇಕು, ಎಲ್ಲ ಅವನೇ ಹೇಳಬೇಕು. ಊರ ಮುಂದಿನ ಬಯಲಲ್ಲೇ ಮಣ್ಣು ಮಾಡಿದರಾಯಿತು, ಹೊತ್ತು ಇಳಿಯುತ್ತಿದೆ ಎಂದು ಅವನು ಶುರುಮಾಡಿದ.

ಅಲ್ಲಿಯವರೆಗೆ ಗೋಡೆಗೊರಗಿ ಕೂತಿದ್ದ ಗಂಗರತ್ನಮ್ಮ ತಲೆ ಎತ್ತಿದಳು. "ತೋಟದ ಬಾವಿ ಪಕ್ಕ ಜಾಗ ತೋರ್ಸಿ ಹೋಗಿದಾರೆ, ಭಾವ. ಅಲ್ಲೇ ಆಗ್ಬೇಕು," ಎಂದಳು. ಅಷ್ಟೇ ಹೇಳಿ ಮತ್ತೆ ಗಂಡನ ಕಾಲಿನ ಕಡೆ ನೋಡುತ್ತ ಕೂತಳು.

ಕದಿರೇಶ ಪಂಚೆ ಎತ್ತಿ ಕಟ್ಟಿ ಮತ್ತೆ ತಿರುಗಿಸಿದ. ಈ ಸಲ ಹ್ಯಾಂಡಲ್ ಹಿಂದಕ್ಕೆ ಒದೆಯಿತು. ಅವನು ಹಾರಿ ಪಕ್ಕಕ್ಕೆ ಬಿದ್ದು, ಎದ್ದು, ಕೈ ಒದರಿಕೊಳ್ಳುತ್ತ ಬಾಗಿಲ ಕಡೆ ನೋಡಿದ. ಬಾಗಿಲಲ್ಲಿ ಅವನ ಹೆಂಡತಿ ಆದಿಲಕ್ಷ್ಮಿ ನಿಂತಿದ್ದಳು. ಅವಳು ತಲೆ ತಗ್ಗಿಸಿದಳು.

"ದಿನಾ ಬೆಳಿಗ್ಗೆ ನೀನೇ ಅಲ್ವೇನೋ ಹೊಡೀತಿದ್ದೋನು? ಇವತ್ತೇನು ಬಂತು?" ಎಂದು ಶ್ರೀನಿವಾಸಪ್ಪ ಕೇಳಿದ. ಕದಿರೇಶ ಬಗ್ಗಿ ಹ್ಯಾಂಡಲ್ ಎತ್ತಿಕೊಂಡ.

*

ಆ ಟಿಲ್ಲರು ಈ ಮನೆಗೆ ಬಂದದ್ದು ಸಾವಿರದ ಒಂಬೈನೂರ ಎಪ್ಪತ್ತರ ಆಚೀಚೆ, ಯಾರೋ ಓಡಿಸಿ ಸುಸ್ತಾಗಿ ಬಿಟ್ಟ ಮೇಲೆ. ಅದನ್ನು ಮನೆಗೆ ತಂದ ದಿನ ಇಡೀ ಊರು ನಕ್ಕಿತ್ತು. ಎತ್ತು ಇರುವವನು ಈ ಕಬ್ಬಿಣದ ಕತ್ತೆಯ ಹಿಂದೆ ನಡೆಯುತ್ತಾನಂತೆ ಎಂದು ಆಡಿಕೊಂಡಿತ್ತು. ಕೋದಂಡರಾಮಪ್ಪ ನಡೆದ. ಹಿಪ್ಪುನೇರಳೆ ಸಾಲುಗಳ ನಡುವೆ ಎತ್ತು ನುಗ್ಗಿದರೆ ಬಾಯಿ ಹಾಕುತ್ತದೆ, ಇದು ಹಾಕುವುದಿಲ್ಲ ಎನ್ನುವುದು ಅವನ ವಾದ.

ಅದರ ಆರೈಕೆ ಮಾತ್ರ ಹಸಿ ಬಾಣಂತಿಯ ಆರೈಕೆ. ಸೀಮೆಎಣ್ಣೆಯಲ್ಲಿ ಫಿಲ್ಟರ್ ತೊಳೆಯುವನು. ಡೀಸೆಲ್ ಟ್ಯಾಂಕು ತೊಟ್ಟಿಕ್ಕಿದರೆ ಬಟ್ಟೆ ಸೋಪು ಮೆತ್ತುವನು. ಚಳಿಗಾಲದಲ್ಲಿ ಗೋಣಿಚೀಲ ಹೊದಿಸುವನು. ಹೆಂಡತಿಗೆ ಜ್ವರ ಬಂದರೆ ಮಾತ್ರೆ ತರುವುದು ಮರೆತಾನು, ಅದಕ್ಕೆ ಆಯಿಲ್ ತರುವುದು ಮರೆಯನು. ಗಂಗರತ್ನಮ್ಮ ಅದನ್ನು ನನ್ನ ಸವತಿ ಎಂದೇ ಕರೆಯುತ್ತಿದ್ದಳು. ಬಿಡಿಭಾಗ ಸಿಗದೇ ಹೋದರೆ ಕೈಯಲ್ಲೇ ಮಾಡಿಕೊಡಲು ಮುಳಬಾಗಿಲಿನಲ್ಲಿ ವೆಲ್ಡಿಂಗ್ ಅಂಗಡಿಯ ಚನ್ನರಾಯಪ್ಪನಿದ್ದ. ಇಬ್ಬರೂ ಕೂತರೆ ಆ ಟಿಲ್ಲರು ಬಿಟ್ಟು ಬೇರೆ ಮಾತಿಲ್ಲ.

ಆದಿಲಕ್ಷ್ಮಿ ಕುರುಡುಮಲೆಯಿಂದ ಸೊಸೆಯಾಗಿ ಬಂದ ಹೊಸದರಲ್ಲಿ ಒಂದು ಬೆಳಿಗ್ಗೆ ಹ್ಯಾಂಡಲ್ ಹಿಂದಕ್ಕೆ ಒದ್ದು ಮಾವನ ಮುಂಗೈ ಮುರಿಯಿತು. ಹೆಬ್ಬೆಟ್ಟನ್ನು ಹ್ಯಾಂಡಲಿಗೆ ಸುತ್ತಿ ಹಿಡಿದದ್ದೇ ತಪ್ಪು. ನಾಲ್ಕು ಬೆರಳಿನ ಕಡೆಗೇ ಹೆಬ್ಬೆಟ್ಟೂ ಇರಬೇಕು, ಆಗ ಅದು ಒದ್ದರೂ ಕೈಯಿಂದ ಜಾರಿ ಹೋಗುತ್ತದೆ. ಮೂಳೆ ಕಟ್ಟುವವನು ಮೊಟ್ಟೆಯ ಲೋಳೆ ಹಚ್ಚಿ ಬಿದಿರ ದಬ್ಬೆ ಕಟ್ಟಿದ. ಕೈ ಕೂಡಿತು, ಸೊಟ್ಟಗೆ. ಆವತ್ತು ಕೋದಂಡರಾಮಪ್ಪ ಹೆಂಡತಿ, ಮಗ, ಸೊಸೆ ಮೂವರನ್ನೂ ಕರೆದು ತನ್ನ ತಲೆ ಮುಟ್ಟಿಸಿದ. ಈ ಹ್ಯಾಂಡಲ್ಲನ್ನು ತನ್ನ ಹೊರತು ಯಾರೂ ಮುಟ್ಟಬಾರದು, ಮುಟ್ಟಿದರೆ ತನ್ನಾಣೆ ಎಂದ. ತಲೆ ಮುಟ್ಟಿ ಇಟ್ಟ ಆಣೆ ಮುರಿದರೆ ಕೇಡು ಮುರಿದವರಿಗಲ್ಲ, ತಲೆ ಯಾರದೋ ಅವರಿಗೆ. ಅದು ಆ ಸೀಮೆಯಲ್ಲಿ ಮಕ್ಕಳಿಗೂ ಗೊತ್ತು.

ಅವನಿಗೆ ಲಕ್ವ ಹೊಡೆದು ಬಲಭಾಗ ಬಿದ್ದುಹೋದ ವಾರ ಮನೆಯಲ್ಲಿ ರೇಷ್ಮೆಹುಳ ನಾಲ್ಕನೇ ಜ್ವರ, ಅಂದರೆ ಪೊರೆ ಬಿಡುವ ನಿದ್ದೆ, ಕಳೆದು ಎದ್ದಿದ್ದವು. ಆ ಹೊತ್ತಿನ ಹುಳದ ಹಸಿವನ್ನು ಕೇಳಬಾರದು. ಸೊಪ್ಪು ತಲೆಯ ಮೇಲೆ ಹೊತ್ತು ತಂದರೆ ಅರ್ಧ ತಟ್ಟೆಗೂ ಸಾಲದು. ಕೋದಂಡರಾಮಪ್ಪ ಮಗನ ತಲೆಯ ಮೇಲೆ ಎಡಗೈ ಇಟ್ಟು, ತೊದಲುತ್ತ, ನಿನ್ನ ಆಣೆ ತೆಗೆದೆ, ಹೋಗು, ಹೊಡಿ ಎಂದ. ಗೊಬ್ಬರದಂಗಡಿಯಲ್ಲಿ ಲೆಕ್ಕ ಬರೆಯುವ ಕದಿರೇಶನಿಗೆ ಪೆನ್ನು ಬಿಟ್ಟು ಬೇರೆ ಏನೂ ಕೈಗೆ ಒಗ್ಗುತ್ತಿರಲಿಲ್ಲ. ತಿರುಗಿಸಿ ತಿರುಗಿಸಿ ಬೆವರಿ, ಕೊಟ್ಟಿಗೆಯ ಕಂಬಕ್ಕೊರಗಿ ಕೂತುಬಿಟ್ಟ.

ಅಡುಗೆಮನೆಯ ಕಿಟಕಿಯಿಂದ ದಿನಾ ಮಾವನನ್ನು ನೋಡಿದ್ದವಳು ಆದಿಲಕ್ಷ್ಮಿ. ಒಳಗೆ ಹುಳ ತಲೆ ಎತ್ತಿ ಆಡಿಸುತ್ತಿವೆ, ಹೊರಗೆ ಗಂಡ ತಲೆ ತಗ್ಗಿಸಿ ಕೂತಿದ್ದಾನೆ. ಅವಳು ಸೆರಗು ಸಿಕ್ಕಿಸಿದಳು, ಎಡಗೈಯಲ್ಲಿ ಎಂಜಿನ್ನಿನ ಒತ್ತಡ ಬಿಡಿಸುವ ಲಿವರ್ ಎತ್ತಿಹಿಡಿದಳು, ಹೆಬ್ಬೆಟ್ಟು ಹೊರಗಿಟ್ಟು ನಿಧಾನವಾಗಿ ತಿರುಗಿಸಿ, ಚಕ್ರಕ್ಕೆ ವೇಗ ಬಂದಾಗ ಲಿವರ್ ಬಿಟ್ಟಳು. ಟಿಲ್ಲರು ಡುಬು ಡುಬು ಎಂದಿತು. ಕದಿರೇಶ ಎದ್ದು, ಜಗುಲಿಯಲ್ಲಿ ಮಲಗಿದ್ದ ಅಪ್ಪನಿಗೆ ಕೇಳುವಂತೆ "ನಾನೇ ನಾಯ್ನಾ!" ಎಂದು ಕೂಗಿದ.

ಅಂದಿನಿಂದ ಅದೇ ನಡೆಯಿತು. ಅವಳು ತಿರುಗಿಸುವುದು, ಅವನು ಕೂಗುವುದು. ಊರ ಹೊರಗಿನವರೆಗೆ ಅವನು ಹಿಡಿದುಕೊಂಡು ನಡೆಯುವುದು, ಅಲ್ಲಿಂದಾಚೆ ಅವನು ಬಸ್ಸಿಗೆ, ಅವಳು ತೋಟಕ್ಕೆ. ಮಾವ ಏನೂ ಹೇಳಲಿಲ್ಲ. ಆದರೆ ದಿನದಿಂದ ದಿನಕ್ಕೆ ಇಳಿಯುತ್ತ ಹೋದ. ಮೊದಲು ಎಡಗಾಲು, ಆಮೇಲೆ ಊಟ. ಆದಿಲಕ್ಷ್ಮಿ ಗಂಜಿ ಕುಡಿಸುತ್ತ ಅವನ ಕೆನ್ನೆಯ ಗುಳಿ ನೋಡಿದಾಗಲೆಲ್ಲ ಅವಳಿಗೆ ತನ್ನ ಕೈಯೇ ವಿಷ ಅನ್ನಿಸುತ್ತಿತ್ತು. ಅವಳ ಆಣೆಯನ್ನು ಯಾರೂ ತೆಗೆದಿರಲಿಲ್ಲ.

*

"ಅವಳು ಹೊಡೀತಾಳೆ," ಎಂದಳು ಗಂಗರತ್ನಮ್ಮ, ಎದ್ದು ಬಂದು ಸೊಸೆಯ ಕಡೆ ಕೈ ತೋರಿಸುತ್ತ.

ಅಂಗಳದಲ್ಲಿದ್ದವರೆಲ್ಲ ತಿರುಗಿದರು. ಹೆಂಗಸರು ಹೆಣದ ಹಿಂದೆ ಊರ ಬಾಗಿಲ ತನಕ ಹೋಗಿ ವಾಪಸ್ಸಾಗುವುದು ಪದ್ಧತಿ. ಹೆಣವನ್ನು ಹೊಡೆದುಕೊಂಡು ಹೋಗುವುದೆಂದರೆ ಏನು ಮಾತು ಎಂದು ಶ್ರೀನಿವಾಸಪ್ಪ ಬಾಯಿ ತೆಗೆದ. ಹಾಗಾದರೆ ನೀನು ತಿರುಗಿಸು ಭಾವ ಎಂದು ಗಂಗರತ್ನಮ್ಮ ಮಗನ ಕೈಯಿಂದ ಹ್ಯಾಂಡಲ್ ತೆಗೆದುಕೊಂಡು ಅವನ ಕಡೆ ಚಾಚಿದಳು. ಅವನು ಒಂದು ಹೆಜ್ಜೆ ಹಿಂದೆ ಸರಿದ. ಚರ್ಚೆ ಅಲ್ಲಿಗೆ ಮುಗಿಯಿತು.

ಆದಿಲಕ್ಷ್ಮಿ ಯಾರ ಮುಖವನ್ನೂ ನೋಡದೆ ಬಂದು ತಿರುಗಿಸಿದಳು. ಮೊದಲ ಸಲಕ್ಕೇ ಹತ್ತಿಕೊಂಡಿತು. ತಮಟೆಯವರು ಬೀಡಿ ಬಿಸಾಕಿ ಬಡಿಯಲು ಶುರುಮಾಡಿದರು. ಅವಳು ಅಳುತ್ತಿದ್ದಾಳೆಂದು ಎಲ್ಲರೂ ತಿಳಿದರು. ನಿಜವೇ, ಆದರೆ ಅದು ಭಯದ ಅಳು. ಎಲ್ಲರೆದುರಿಗೆ ಬಯಲಾಯಿತು, ಮಾವನಿಗೊಬ್ಬನಿಗೆ ಗೊತ್ತಾಗದೆ ಹೋಯಿತು. ಆಣೆ ಮುರಿದು ಕೊಂದವಳೇ ಈಗ ಹೊತ್ತುಕೊಂಡು ಹೋಗುತ್ತಿದ್ದಾಳೆ ಎಂದು ಅವಳೊಳಗೆ ಒಂದೇ ಮಾತು ತಿರುಗುತ್ತಿತ್ತು.

ಕೋಡಿಗಿಂತ ಈಚೆ, ದಾರಿಯ ಮಧ್ಯದಲ್ಲಿ ಹೆಣ ಇಳಿಸುವ ಕಲ್ಲಿದೆ. ಅಲ್ಲಿ ಇಳಿಸಿ, ಹತ್ತಿರದವರು ಸತ್ತವರ ಕಿವಿಯಲ್ಲಿ ಮೂರು ಸಲ ಕರೆಯಬೇಕು. ಎಲ್ಲಾದರೂ ಜೀವ ಉಳಿದಿದ್ದರೆ ಓಗೊಡಲಿ ಎಂದು. ಶ್ರೀನಿವಾಸಪ್ಪ ಅಡ್ಡ ಬಂದು, ಈ ಸದ್ದಿನಲ್ಲಿ ಕರೆದರೆ ಅವನಿಗೆ ಏನು ಕೇಳಿಸೀತು, ಗಾಡಿ ಆಫ್ ಮಾಡಮ್ಮ ಎಂದ. ಇಲ್ಲಿ ನಿಂತರೆ ಮತ್ತೆ ಹತ್ತುತ್ತದೋ ಇಲ್ಲವೋ ಎಂದು ಕದಿರೇಶ ಗೊಣಗಿದ. ಪದ್ಧತಿ ಪದ್ಧತಿಯೇ. ಆದಿಲಕ್ಷ್ಮಿ ನಿಲ್ಲಿಸಿದಳು.

ಕೋಡಿಯ ನೀರಿನ ಸದ್ದು ಮಾತ್ರ ಉಳಿಯಿತು. ಕದಿರೇಶ ಬಗ್ಗಿ, "ನಾಯ್ನಾ," ಎಂದ. ಇನ್ನೊಂದು ಸಲ ಎಂದ. ಮೂರನೆಯದಕ್ಕೆ ಅವನ ಗಂಟಲು ಒಡೆದುಹೋಯಿತು. ದಿನಾ ಬೆಳಿಗ್ಗೆ ಅಷ್ಟು ಜೋರಾಗಿ ಕೂಗುತ್ತಿದ್ದವನ ದನಿ ಅದೇ ಎಂದು ಯಾರೂ ಹೇಳುವಂತಿರಲಿಲ್ಲ. ಓಗೊಡುವವನು ಓಗೊಡಲಿಲ್ಲ. ಎತ್ತಿ ಮತ್ತೆ ಟ್ರೈಲರಿಗೆ ಇಟ್ಟರು, ಎಲ್ಲರೂ ಆದಿಲಕ್ಷ್ಮಿಯ ಕಡೆ ನೋಡಿದರು.

ಅವಳು ಹ್ಯಾಂಡಲ್ ಹಿಡಿದಳು. ಬೆರಳು ಹಿಡಿತಕ್ಕೇ ಬರುತ್ತಿರಲಿಲ್ಲ. ಬಿಗಿಯಾಗಿರಲಿ ಎಂದು ಹೆಬ್ಬೆಟ್ಟನ್ನೂ ಸುತ್ತಿ ಹಿಡಿದಳು.

"ಹೆಬ್ಬೆಟ್ಟು ಹೊರಗೆ ಕಣಮ್ಮ," ಎಂದಿತು ಪಕ್ಕದಲ್ಲೊಂದು ದನಿ.

ಮಾವನೇ ಮಾತಾಡಿದ ಹಾಗಾಗಿ ಅವಳ ಪ್ರಾಣ ಬಾಯಿಗೆ ಬಂತು. ನೋಡಿದರೆ ಚನ್ನರಾಯಪ್ಪ. ಮುಳಬಾಗಿಲಿನಿಂದ ಬಂದವನು ಅಷ್ಟು ಹೊತ್ತೂ ಎಲ್ಲರ ಹಿಂದೆ ಸುಮ್ಮನೆ ನಡೆದಿದ್ದ.

"ಮಣ್ಣಾದ ಮೇಲೆ ಹೇಳು ಅಂದಿದ್ದ ನಿಮ್ಮಾವ," ಎಂದು ಅವನು ಟ್ರೈಲರಿನ ಕಡೆ ತಲೆ ಆಡಿಸಿದ. "ನಿನ್ನ ಕೈ ನೋಡಿದ್ರೆ ಅಲ್ಲಿವರೆಗೂ ತಡೆಯೋ ಹಂಗೆ ಕಾಣ್ತಿಲ್ಲ. ಆ ಹ್ಯಾಂಡಲ್ ನೋಡು. ಅದು ಹಳೇದಲ್ಲ, ನಾನು ಮಾಡಿದ್ದು."

ಮಳೆಗಾಲಕ್ಕೆ ಮುಂಚೆ ಚನ್ನರಾಯಪ್ಪ ಮನೆಗೆ ಬಂದು, ಹ್ಯಾಂಡಲ್ ಬಿರುಕು ಬಿಟ್ಟಿದೆ, ಬೆಸೆದು ತರುತ್ತೇನೆ ಎಂದು ಒಯ್ದದ್ದು, ಎರಡು ದಿನ ಬಿಟ್ಟು ತಂದುಕೊಟ್ಟದ್ದು ಆದಿಲಕ್ಷ್ಮಿಗೆ ನೆನಪಿತ್ತು. ಆಮೇಲೆ ತಿರುಗಿಸುವುದು ಹಗುರವಾಗಿತ್ತು. ತನಗೇ ರಟ್ಟೆ ಬಂದಿದೆ ಎಂದು ಅವಳು ತಿಳಿದಿದ್ದಳು, ಒಂದೆರಡು ಸಲ ಕನ್ನಡಿಯ ಮುಂದೆ ತೋಳು ನೋಡಿಕೊಂಡೂ ಇದ್ದಳು.

"ನಾಲ್ಕು ಬೆರಳು ಉದ್ದ ಮಾಡಿಸ್ದ. ಉದ್ದ ಆದ್ರೆ ಜೋರು ಕಮ್ಮಿ ಸಾಕಲ್ಲ. ನನ್ನ ಸೊಸೆ ಕುಳ್ಳಿ, ಅವಳ ಕೈಗೆ ಕೂರೋ ಹಂಗಿರ್ಲಿ, ಮೇಲೆ ಹಳೇ ಬಣ್ಣಾನೇ ಹೊಡಿ, ಗೊತ್ತಾಗ್ಬಾರ್ದು ಅಂದ."

"ಅವನಿಗೆ ಹೆಂಗೆ ಗೊತ್ತಾಯ್ತು?" ಎಂದ ಶ್ರೀನಿವಾಸಪ್ಪ.

ಚನ್ನರಾಯಪ್ಪ ಕದಿರೇಶನ ಕಡೆ ನೋಡಿದ. "ಹ್ಯಾಂಡಲ್ ತಿರುಗಿಸ್ದೋನಿಗೆ ಕೂಗೋಕೆ ಉಸಿರೆಲ್ಲಿರುತ್ತೆ? ಇವ್ನು ದಿನಾ ಗಂಟಲು ಹರ್ಕೊಂಡು ನಾನೇ ನಾಯ್ನಾ ಅಂತ ಕೂಗ್ತಾನೆ ಅಂತ ಹೇಳಿ ಹೇಳಿ ನಗ್ತಿದ್ದ."

ಯಾರೋ ಕಿಸಕ್ಕೆಂದರು. ಹೆಣದ ಮುಂದೆ ನಗಬಾರದೆಂದು ಶ್ರೀನಿವಾಸಪ್ಪ ಗದರಲು ಹೋಗಿ, ಟವೆಲ್ಲಿನಿಂದ ತನ್ನ ಬಾಯನ್ನೇ ಮುಚ್ಚಿಕೊಂಡ. ಕದಿರೇಶ ಅಳುತ್ತಲೇ ನಕ್ಕ.

ಆದಿಲಕ್ಷ್ಮಿಗೆ ನಗು ಬರಲಿಲ್ಲ. "ಆಣೆ ಇತ್ತಲ್ಲ, ಚನ್ನರಾಯಪ್ಪಣ್ಣ," ಎಂದಳು, ಅವನಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ.

"ಅದನ್ನ ಈ ಹ್ಯಾಂಡಲ್ ಮಾಡೋಕೆ ಹೇಳಿದ ದಿನಾನೇ ತೆಗೆದ ಕಣಮ್ಮ, ನನ್ನ ಮುಂದೆ. ಎಡಗೈ ತನ್ನ ತಲೆ ಮೇಲೇ ಇಟ್ಕೊಂಡು, ನನ್ನ ಸೊಸೆ ಆಣೆ ತೆಗೆದೆ ಅಂದ. ಹಂಗಾದ್ರೆ ಅವಳಿಗೆ ಹೇಳೋ ಅಂದೆ. ಬೇಡ, ಹೆದರಿಕೆ ಇದ್ರೆ ಹೆಬ್ಬೆಟ್ಟು ಹೊರಗಿರುತ್ತೆ, ನಾನು ಹೋದ್ಮೇಲೆ ಹೇಳು ಅಂದ."

ಹೋದ ಜೀವ ಬಂದ ಹಾಗೆ ಆದಿಲಕ್ಷ್ಮಿ ಉದ್ದಕ್ಕೆ ಉಸಿರು ಬಿಟ್ಟಳು. ಆ ಉಸಿರಿನ ಜೊತೆ ಅಳುವೂ ಬಂತು, ಈ ಸಲ ಬರೀ ಅಳು, ಮಾವನಿಗಾಗಿ. ಎಂಥ ಕಿಲಾಡಿ ಮುದುಕ. ದಿನಾ ಗಂಜಿ ಕುಡಿಸುವಾಗ ಅವಳ ಅಂಗೈಯ ಕಡೆಗೇ ನೋಡುತ್ತಿದ್ದ; ಅವಳು ಬೊಬ್ಬೆ ಕಾಣಬಾರದೆಂದು ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಿದ್ದಳು.

ಅವಳು ಕಣ್ಣೊರೆಸಿಕೊಂಡು, ಹೆಬ್ಬೆಟ್ಟು ಹೊರಗಿಟ್ಟು ತಿರುಗಿಸಿದಳು. ಟಿಲ್ಲರು ಹತ್ತಿತು. ಕೋಡಿಯ ನೀರನ್ನು ಎರಡು ಕಡೆಗೂ ಸೀಳುತ್ತ, ಕೆಸರಿನಲ್ಲಿ ಒಮ್ಮೆ ಹೂತು, ಒಮ್ಮೆ ಎದ್ದು, ಅದು ತನ್ನ ಯಜಮಾನನನ್ನು ತೋಟಕ್ಕೆ ಮುಟ್ಟಿಸಿತು.

*

ಮಣ್ಣು ಮಾಡಿ ಬಂದಾಗ ಸಂಜೆಯಾಗಿತ್ತು. ಬಾಗಿಲಲ್ಲಿ ನೀರಿನ ಬಿಂದಿಗೆ ಇಟ್ಟಿದ್ದರು. ಹೆಣ ಮಲಗಿಸಿದ್ದ ಜಾಗ ಸಾರಿಸಿ ದೀಪ ಹಚ್ಚಿದ್ದರು. ಬಂದವರು ಒಬ್ಬೊಬ್ಬರಾಗಿ ಕಾಲು ತೊಳೆದು, ಒಳಗೆ ಹೋಗಿ ದೀಪ ನೋಡಿ ಹೊರಟರು. ಗಂಡಸರೆಲ್ಲ ತೊಳೆದಾದ ಮೇಲೆ ಆದಿಲಕ್ಷ್ಮಿಯೂ ತೊಳೆದಳು. ಯಾರೂ ಏನೂ ಅನ್ನಲಿಲ್ಲ. ಟ್ರೈಲರ್ ಕಳಚಿ, ಟಿಲ್ಲರನ್ನು ಕೊಟ್ಟಿಗೆಯ ಕಡೆ ತಿರುಗಿಸಲು ಹೋದಳು.

"ಇರು," ಎಂದಳು ಗಂಗರತ್ನಮ್ಮ, ಜಗುಲಿಯಿಂದ ಇಳಿಯುತ್ತ. "ಅದೂ ಮಣ್ಣಿಗೆ ಹೋಗಿ ಬಂದಿದೆ. ಕಾಲು ತೊಳೀದೆ ಒಳಗೆ ಬಿಡ್ತೀಯಾ?"

ಉಳಿದಿದ್ದ ಬಿಂದಿಗೆಯನ್ನು ಸೊಂಟಕ್ಕೆ ಎತ್ತಿಕೊಂಡು ಬಂದು, ಅವಳು ಟಿಲ್ಲರಿನ ಚಕ್ರಗಳ ಮೇಲೆ ನೀರು ಹೊಯ್ದಳು. ಮೊದಲು ಬಲದ್ದು, ಆಮೇಲೆ ಎಡದ್ದು. ತೋಟದ ಕೆಂಪು ಮಣ್ಣು ಕರಗಿ ಅಂಗಳದಲ್ಲಿ ಹರಿಯಿತು. ಆಮೇಲೆ ಒಳಗಿನ ದೀಪದ ಕಡೆ ಸೊಸೆಗೆ ಕೈಸನ್ನೆ ಮಾಡಿದಳು. ಆದಿಲಕ್ಷ್ಮಿ ಹಿಡಿಕೆ ಹಿಡಿದು ಟಿಲ್ಲರನ್ನು ಮೆಲ್ಲಗೆ ಬಾಗಿಲ ಕಡೆ ತಿರುಗಿಸಿದಳು. ಒಳಗಿನ ದೀಪ ಅದರ ಬಿರುಕು ಬಿಟ್ಟ ಹೆಡ್‌ಲೈಟಿನ ಗಾಜಿನಲ್ಲಿ ಒಂದು ಚುಕ್ಕೆಯಾಗಿ ಹತ್ತಿಕೊಂಡಿತು.